ಫಾರ್ಮ್ 940 ನಾನೇ ತುಂಬಿದ್ದು ಹೀಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ. ಪೇರೋಲ್ ಕೆಲಸ ನನ್ನದೇ. ನೌಕರರ ಸಂಬಳದಿಂದ ಹಿಡಿದ ತೆರಿಗೆಯ ಲೆಕ್ಕ ಕೊಡುವ, ಮೂರು ತಿಂಗಳಿಗೊಮ್ಮೆ ಬರುವ ಫಾರ್ಮ್ 941 ಎಲ್ಲರಿಗೂ ರೂಢಿಯಾಗಿರುತ್ತದೆ. ನಿರುದ್ಯೋಗ ತೆರಿಗೆಯ ಫಾರ್ಮ್ 940 ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಪ್ರತಿ ಸಲ ಹೊಸದಾಗಿ ಕಾಣುತ್ತದೆ. 2024ರ ರಿಟರ್ನ್ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ.

ಇದು ಫ್ಯೂಟಾ, ಅಂದರೆ ಫೆಡರಲ್ ನಿರುದ್ಯೋಗ ತೆರಿಗೆ. ಪೂರ್ತಿ ಮಾಲೀಕರೇ ಕಟ್ಟಬೇಕು, ನೌಕರರ ಸಂಬಳದಿಂದ ಒಂದು ಸೆಂಟ್ ಕೂಡ ಹಿಡಿಯುವಂತಿಲ್ಲ. ಪ್ರತಿಯೊಬ್ಬರ ಮೊದಲ 7,000 ಡಾಲರ್ ಸಂಬಳಕ್ಕೆ ದರ 6%. ರಾಜ್ಯದ ನಿರುದ್ಯೋಗ ತೆರಿಗೆಯನ್ನು ಸಮಯಕ್ಕೆ ಕಟ್ಟಿದ್ದರೆ 5.4% ರಿಯಾಯಿತಿ ಸಿಗುತ್ತದೆ. ಉಳಿಯುವುದು 0.6%, ತಲೆಗೆ 42 ಡಾಲರ್.

ಹಾಗಾಗಿ ನಾನು ಫಾರ್ಮ್ ತೆರೆಯುವ ಮೊದಲು ರಾಜ್ಯದ ಉದ್ಯೋಗ ಇಲಾಖೆಯಾದ ಇಡಿಡಿಯಲ್ಲಿ ನಮ್ಮ ಖಾತೆ ನೋಡುತ್ತೇನೆ. ನಾಲ್ಕೂ ತ್ರೈಮಾಸಿಕದ ಹಣ ಜಮಾ ಆಗಿದೆಯಾ, ಯಾವ ತಾರೀಖಿಗೆ ಆಗಿದೆ ಅಂತ ಬರೆದಿಟ್ಟುಕೊಳ್ಳುತ್ತೇನೆ. ನಾವು ಹಾಕಿದ ಅಂಕಿಯನ್ನು ಕೇಂದ್ರದ ತೆರಿಗೆ ಇಲಾಖೆ ಐಆರ್‌ಎಸ್ ರಾಜ್ಯದ ದಾಖಲೆಯ ಜೊತೆ ತಾಳೆ ನೋಡುತ್ತದೆ.

ಆಮೇಲೆ ಜನರ ಪಟ್ಟಿ. ಆ ವರ್ಷ ಸಂಬಳ ಪಡೆದವರು ಒಟ್ಟು ಆರು ಜನ. ಒಬ್ಬ ಹುಡುಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಒಪಿಟಿ (ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿ) ಮೇಲೆ ಇದ್ದ. ಅಮೆರಿಕಕ್ಕೆ ಬಂದು ಐದು ಕ್ಯಾಲೆಂಡರ್ ವರ್ಷ ಆಗಿರಲಿಲ್ಲ, ತೆರಿಗೆ ಲೆಕ್ಕದಲ್ಲಿ ಇನ್ನೂ ಅನಿವಾಸಿ. ಅಂಥವರ ಸಂಬಳಕ್ಕೆ ಫ್ಯೂಟಾ ಇಲ್ಲ. ನಮ್ಮ ಕಡೆಯ ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸಣ್ಣ ಕಂಪನಿಗಳು ಇದನ್ನು ಖಂಡಿತ ನೋಡಬೇಕು. ಅವನ ಸಂಬಳವನ್ನು 3ನೇ ಸಾಲಿನ ಒಟ್ಟು ಮೊತ್ತದಲ್ಲಿ ಸೇರಿಸಿ, 4ನೇ ಸಾಲಿನಲ್ಲಿ ಕಳೆದೆ. ಉಳಿದ ಐವರಲ್ಲಿ ಒಬ್ಬರು ನಡುವೆ ಕೆಲಸ ಬಿಟ್ಟರು, ಅವರ ಜಾಗಕ್ಕೆ ಜುಲೈನಲ್ಲಿ ಇನ್ನೊಬ್ಬರು ಬಂದರು. 7,000ದ ಮಿತಿ ಹುದ್ದೆಗಲ್ಲ, ವ್ಯಕ್ತಿಗೆ. ಹೊಸಬರಿಗೆ ಮತ್ತೆ ಮೊದಲಿಂದ ಎಣಿಸಬೇಕು.

ತಲೆಗೆ 7,000 ಮೀರಿದ್ದು 5ನೇ ಸಾಲಿಗೆ ಹೋಯಿತು. 7ನೇ ಸಾಲಿನಲ್ಲಿ ಉಳಿದದ್ದು 35,000. ಅದರ 0.6% ಅಂದರೆ 210 ಡಾಲರ್.

ಬೇರೆ ಹೆಚ್ಚಿನ ರಾಜ್ಯಗಳಲ್ಲಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಕೋವಿಡ್ ಕಾಲದಲ್ಲಿ ನಿರುದ್ಯೋಗ ಭತ್ಯೆ ಕೊಡಲು ಕ್ಯಾಲಿಫೋರ್ನಿಯಾ ಕೇಂದ್ರದಿಂದ ಸಾಲ ಮಾಡಿತು, ತೀರಿಸಲಿಲ್ಲ. ಅದರ ಭಾರ ಮಾಲೀಕರ ರಿಯಾಯಿತಿ ಮೇಲೆ ಬೀಳುತ್ತದೆ. 2022ರಲ್ಲಿ 0.3%, 2023ರಲ್ಲಿ 0.6%, 2024ರಲ್ಲಿ 0.9% ಕಡಿತ. ನಮಗೆ ಬಂದದ್ದು 315 ಡಾಲರ್, ಮೂಲ ತೆರಿಗೆಗಿಂತ ಜಾಸ್ತಿ! ಸಣ್ಣ ಕಂಪನಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಸಾಲ ನಾವು ಮಾಡಿದ್ದಲ್ಲ ಅಲ್ವಾ? ಇದಕ್ಕೆ ಷೆಡ್ಯೂಲ್ ಎ ಎಂಬ ಲಗತ್ತು ಫಾರ್ಮ್ ತುಂಬಿ, ಮೊತ್ತವನ್ನು 11ನೇ ಸಾಲಿಗೆ ತರಬೇಕು.

ಈಗ ಒಟ್ಟು 525 ಆಯಿತು. ಇಲ್ಲೇ ಹುಷಾರಾಗಿರಬೇಕು. 500 ಡಾಲರ್‌ವರೆಗೆ ಆದರೆ ರಿಟರ್ನ್ ಜೊತೆಗೇ ಕಟ್ಟಬಹುದು. ಅದನ್ನು ದಾಟಿದರೆ ಎಲೆಕ್ಟ್ರಾನಿಕ್ ಡೆಪಾಸಿಟ್ ಮಾಡಬೇಕು, ಭಾಗ 5ರಲ್ಲಿ ತ್ರೈಮಾಸಿಕದ ಲೆಕ್ಕವನ್ನೂ ಕೊಡಬೇಕು. ಸೆಪ್ಟೆಂಬರ್‌ವರೆಗಿನ ಬಾಕಿ 210 ಮಾತ್ರ, ಆದ್ದರಿಂದ ಮೊದಲೇ ಡೆಪಾಸಿಟ್ ಮಾಡುವ ಅಗತ್ಯ ಬರಲಿಲ್ಲ. ರಿಯಾಯಿತಿ ಕಡಿತ ಪೂರ್ತಿಯಾಗಿ ನಾಲ್ಕನೇ ತ್ರೈಮಾಸಿಕಕ್ಕೆ ಸೇರುತ್ತದೆ. ನಾನು ಹಾಕಿದ್ದು ಹೀಗೆ: ಮೊದಲನೆಯದಕ್ಕೆ ನಾಲ್ವರದು 168, ಮೂರನೆಯದಕ್ಕೆ ಹೊಸಬರದು 42, ನಾಲ್ಕನೆಯದಕ್ಕೆ 315. ಎರಡನೆಯದು ಸೊನ್ನೆ.

ಹಣ ಕಟ್ಟಿದ್ದು ಕೇಂದ್ರದ ಆನ್‌ಲೈನ್ ತೆರಿಗೆ ಪಾವತಿ ವ್ಯವಸ್ಥೆ ಇಎಫ್‌ಟಿಪಿಎಸ್ ಮೂಲಕ. ಗಡುವಿನ ಹಿಂದಿನ ದಿನ ಪೂರ್ವ ಕರಾವಳಿ ಸಮಯ ರಾತ್ರಿ 8ರೊಳಗೆ ನಿಗದಿ ಮಾಡಬೇಕು, ನಮಗೆ ಅದು ಸಂಜೆ 5 ಗಂಟೆ. ಗಡುವಾದ 2025ರ ಜನವರಿ 31 ಶುಕ್ರವಾರ ಇತ್ತು, ಗುರುವಾರದವರೆಗೂ ಎಳೆಯದೆ ಆ ವಾರದ ಮೊದಲೇ ಮುಗಿಸಿದೆ. ಹೊಸ ಖಾತೆಯಾದರೆ ಪಿನ್ ಅಂಚೆಯಲ್ಲಿ ಬರುತ್ತದೆ, ಡಿಸೆಂಬರ್‌ನಲ್ಲೇ ಅರ್ಜಿ ಹಾಕಿ. ತೆರಿಗೆ ಪೂರ್ತಿ ಸಮಯಕ್ಕೆ ಡೆಪಾಸಿಟ್ ಆಗಿದ್ದರೆ ರಿಟರ್ನ್ ಸಲ್ಲಿಸಲು ಫೆಬ್ರವರಿ 10ರವರೆಗೆ ಸಮಯ ಸಿಗುತ್ತದೆ. ಆ ಹೆಚ್ಚಿನ ದಿನಗಳಲ್ಲಿ 3ನೇ ಸಾಲಿನ ಮೊತ್ತವನ್ನು ನೌಕರರ ವಾರ್ಷಿಕ ಸಂಬಳ ಪತ್ರಗಳಾದ ಡಬ್ಲ್ಯು-2ಗಳ ಜೊತೆ ಮತ್ತೊಮ್ಮೆ ಹೋಲಿಸಿ ನೋಡಿ ಇ-ಫೈಲ್ ಮಾಡಿದೆ. ಡೆಪಾಸಿಟ್ ರಸೀದಿ, ಇಡಿಡಿ ಪ್ರತಿಗಳು, ಹುಡುಗನ ವೀಸಾ ಕಾಗದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ನಾಲ್ಕು ವರ್ಷವಾದರೂ ಅವು ಕೈಗೆ ಸಿಗುವಂತಿರಬೇಕು.