ಸಾವಯವ ತೋಟ ನೋಡಲು ಹೊರಟಿರಾ? ಮೊದಲು ಕೊಯ್ಯಲು ಕಲಿಯಿರಿ

ನಾಲ್ಕಾರು ಮನೆಯವರು ಸೇರಿ ಸಾವಯವ ತರಕಾರಿ ಬೆಳೆಯುವ ತೋಟ ನೋಡಲು ಪೇಟೆಯಿಂದ ಶಿರಸಿ ಕಡೆ ಬರುವವರಿದ್ದಾರೆ. ಬರಲಿ, ಒಳ್ಳೆಯದೇ. ಆದರೆ ಅವರು ಹೋದ ಮೇಲೆ ಅಲಸಂದೆ ಚಪ್ಪರದ ಬುಡದಲ್ಲಿ ಬಿದ್ದ ಹೂ, ಮಿಡಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಫೋನ್ ಮಾಡಿ. ಮಳೆಗಾಲದ ತರಕಾರಿಗೆ ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ಹೊತ್ತು. ಬೆಳಗಾಗುತ್ತಲೇ ಹೋಗಬೇಡಿ. ಎಲೆ ಒದ್ದೆ ಇರುವಾಗ ಮುಟ್ಟಿದರೆ ರೋಗ ನಿಮ್ಮ ಕೈಯಲ್ಲೇ ಬಳ್ಳಿಯಿಂದ ಬಳ್ಳಿಗೆ ದಾಟುತ್ತದೆ. ಉಂಬಳದ (ಜಿಗಣೆಯ) ಭಯವಿದ್ದರೆ ಕಾಲಿಗೆ ಸುಣ್ಣ, ತಂಬಾಕು ಹಚ್ಚಿಕೊಳ್ಳಿ. ಉಪ್ಪನ್ನು ಮಾತ್ರ ಮಡಿಯಲ್ಲಿ ಎರಚಬೇಡಿ, ಎರೆಹುಳುವೂ ಸಾಯುತ್ತದೆ.

ಒಳಗೆ ಕಾಲುದಾರಿಯಲ್ಲೇ ನಡೆಯಿರಿ.

ಈಗ ಕೊಯ್ಲು. ಎಡವಟ್ಟಾಗುವುದು ಇಲ್ಲೇ. ಅಲಸಂದೆಯಲ್ಲಿ ಉದ್ದನೆಯ ಒಂದು ತೊಟ್ಟಿನ ತುದಿಗೆ ಜೋಡಿ ಕಾಯಿ ತೂಗುತ್ತಿರುತ್ತವೆ. ಆ ತುದಿಯನ್ನು ಹತ್ತಿರದಿಂದ ನೋಡಿ, ಸಣ್ಣ ಸಣ್ಣ ಮೊಗ್ಗು ಕಾಣುತ್ತವೆ. ಮುಂದಿನ ಕಾಯಿ ಅಲ್ಲೇ ಬರಬೇಕು. ಜಗ್ಗಿದರೆ ತೊಟ್ಟೇ ಕಿತ್ತು ಬರುತ್ತದೆ, ಮುಂದಿನ ಫಸಲೂ ಹೋಯಿತು. ಎಡಗೈಯಲ್ಲಿ ತೊಟ್ಟು ಹಿಡಿದು, ಬಲಗೈಯಲ್ಲಿ ಕಾಯಿಯನ್ನಷ್ಟೇ ತಿರುಚಿ ತೆಗೆಯಿರಿ. ಬಸಳೆ ಎಲೆ ಹರಿಯಬೇಡಿ. ಬುಡದಲ್ಲಿ ಎರಡು ಮೂರು ಗಿಣ್ಣು ಬಿಟ್ಟು ದಂಟನ್ನೇ ಚಾಕುವಿನಲ್ಲಿ ಕತ್ತರಿಸಿ, ಪಕ್ಕದಿಂದ ಚಿಗುರುತ್ತದೆ. ಬೆಂಡೆಯ ತುದಿ ಪಟ್ ಅಂತ ಮುರಿದರೆ ಎಳೆಯದು. ಹಾಗಂತ ಎಲ್ಲ ಕಾಯಿಯ ತುದಿಯನ್ನೂ ಮುರಿದು ನೋಡುತ್ತಾ ಹೋಗಬೇಡಿ! ಬಲಿತ ಮೊಗೆಕಾಯಿಯನ್ನು (ಸಾಂಬಾರ್ ಸೌತೆ) ತೊಟ್ಟಿನ ಸಮೇತ ಕೊಯ್ಯಬೇಕು, ಬಾಳೆನಾರು ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಬೀಜಕ್ಕೆಂದು ಗುರುತು ಕಟ್ಟಿ ಬಿಟ್ಟ ಕಾಯಿಯ ತಂಟೆಗೆ ಹೋಗಲೇಬೇಡಿ.

ಗೊಬ್ಬರ ಯಾವುದು ಅಂತ ಖಂಡಿತ ಕೇಳಿ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಗೆ ಬಿದ್ದು ಹೇಗೆ ಗೊಬ್ಬರವಾಗುತ್ತದೆ ಅಂತ ತೋರಿಸುತ್ತಾರೆ. ಜೀವಾಮೃತ ಎಂಬ ಹುಳಿಸಿದ ದ್ರವಗೊಬ್ಬರದ ಲೆಕ್ಕವನ್ನೂ ಬರೆದುಕೊಳ್ಳಿ: 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆ.ಜಿ., ಒಂದು ಹಿಡಿ ಮಣ್ಣು. ನೆರಳಲ್ಲಿ 48 ಗಂಟೆ ಬಿಡಬೇಕು. ಒಳಗೇನಿದೆ ಅಂತ ಬರೆಯದ 'ಸಾವಯವ ಟಾನಿಕ್' ಬಾಟಲಿಗಳನ್ನು ನಾನಂತೂ ಮನೆಗೆ ತರುವುದಿಲ್ಲ, ನೀವೂ ಸುಮ್ನೆ ದುಡ್ಡು ಹಾಕಬೇಡಿ.

ಕೊಯ್ದದ್ದನ್ನು ತೂಕ ಮಾಡಿಸಿ, ಚೌಕಾಸಿ ಮಾಡದೆ ದುಡ್ಡು ಕೊಡಿ. ಜೀವಾಮೃತ ಕೊಟ್ಟರೆ ಬಾಟಲಿ ಪೂರ್ತಿ ತುಂಬಿಸಬೇಡಿ, ಮುಚ್ಚಳ ಸಡಿಲ ಇರಲಿ. ಬಿಗಿ ಮಾಡಿದರೆ ಗ್ಯಾಸ್ ತುಂಬಿ ಬಸ್ಸಿನಲ್ಲೇ ಚಿಮ್ಮುತ್ತದೆ, ಆಮೇಲೆ ಕಂಡಕ್ಟರ್ ಹತ್ತಿರ ಬೈಸಿಕೊಳ್ಳುವವರು ನೀವೇ.