ಹಲ್ಲಿಗೂ ಬಾಡಿಗೆ: ನಗೆಪ್ರಸಂಗಗಳಿಂದ ಕನ್ನಡದ ಪದ ಕಲಿಸಿದ ನನ್ನ ಅನುಭವ

ಬೆಂಗಳೂರಿನಲ್ಲಿ ಕನ್ನಡೇತರರಿಗೆ ಸಂಜೆ ತರಗತಿ ನಡೆಸುವ ನಮ್ಮ ವಲಯದಲ್ಲಿ, ಪದಗಳ ಪಟ್ಟಿಯನ್ನು ಕೈಬಿಟ್ಟು ಬರಿಯ ನಗೆಪ್ರಸಂಗಗಳಿಂದಲೇ ಪದ ಕಲಿಸುತ್ತೇನೆಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. "ನಗುತ್ತಾರೆ, ಮನೆಗೆ ಹೋಗುತ್ತಾರೆ, ಮುಂದಿನ ವಾರ ಒಂದು ಪದವೂ ನಾಲಿಗೆಗೆ ಬರುವುದಿಲ್ಲ" ಎಂದು ವರ್ಷಗಟ್ಟಲೆ ಪಟ್ಟಿಯನ್ನೇ ಕಂಠಪಾಠ ಮಾಡಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರ ಎದುರಿಗೇ ಹೇಳಿದ್ದರು. ಮೊದಲ ಒಂದೂವರೆ ವರ್ಷ ಅವರ ಮಾತೇ ಗೆದ್ದಿತು. ಈಗ ಅವರ ತರಗತಿಯಲ್ಲಿ ನನ್ನ ಹಾಳೆಗಳ ಜೆರಾಕ್ಸ್ ಓಡಾಡುತ್ತಿದೆಯೆಂದು ಕೇಳಿದ್ದೇನೆ. ಓಡಾಡಲಿ, ಆದರೆ ಆ ಹಾಳೆಗಳು ನನ್ನ ಎರಡನೆಯ ವರ್ಷದವು, ಅವುಗಳಲ್ಲಿ ಅರ್ಧಕ್ಕೆ ಅರ್ಧ ಕೆಲಸ ಮಾಡುವುದಿಲ್ಲ.

ಮೊದಲು ತೆನಾಲಿ ರಾಮಕೃಷ್ಣ ಮತ್ತು ಬೀರಬಲ್ಲನ ಕಥೆಗಳನ್ನು ಸರಳಗೊಳಿಸಿ ಕೊಟ್ಟೆ. ಬಿಹಾರದವರಿಂದ ಹಿಡಿದು ಆಂಧ್ರದವರವರೆಗೆ ಎಲ್ಲರಿಗೂ ಆ ಕಥೆಗಳ ಕೊನೆ ಚಿಕ್ಕಂದಿನಿಂದಲೇ ಗೊತ್ತಿದ್ದುದರಿಂದ ಅವರು ಕಥೆಯನ್ನು ಗುರುತಿಸಿ ನಕ್ಕರೇ ಹೊರತು ಪದಗಳನ್ನು ಕೇಳಿಸಿಕೊಳ್ಳಲಿಲ್ಲ. ಬಳಿಕ ಪತ್ರಿಕೆಗಳ ನಗೆಹನಿಗಳನ್ನು ತಂದೆ. ಅವುಗಳಲ್ಲಿ ಬಹುಪಾಲು ಶ್ಲೇಷೆಯ ಮೇಲೆ ನಿಂತವು, ಒಂದು ಪದದ ಒಂದು ಅರ್ಥವೇ ತಿಳಿಯದವರಿಗೆ ಎರಡನೆಯ ಅರ್ಥದಿಂದ ನಗು ಬರುವುದಾದರೂ ಹೇಗೆ? ಗಂಡಹೆಂಡಿರ ಜಗಳದ ನಗೆಹನಿಗಳಿಗಂತೂ ತರಗತಿಯ ಹೆಣ್ಣುಮಕ್ಕಳು ಮುಖ ಗಂಟಿಕ್ಕಿ ಕುಳಿತರು. ಆಮೇಲೆ ಸ್ವಂತ ಕಲ್ಪನೆಗೆ ಇಳಿದು ಚಂದ್ರಲೋಕದಲ್ಲಿ ಇಡ್ಲಿ ಹೋಟೆಲು ತೆರೆದ ಆನೆಯೊಂದನ್ನು ಸೃಷ್ಟಿಸಿದೆ. ನಗು ಭರ್ಜರಿಯಾಗಿ ಬಂದಿತು, ಆದರೆ ಅದರಲ್ಲಿ ಕಲಿತ 'ಸೊಂಡಿಲು', 'ಹುಣ್ಣಿಮೆ' ಪದಗಳನ್ನು ಬೆಳ್ಳಂದೂರಿನ ತಂತ್ರಾಂಶ ಉದ್ಯೋಗಿ ಯಾರೊಡನೆ ಆಡಬೇಕು? ದಿನಬಳಕೆಯ ಸತ್ಯಪ್ರಸಂಗಗಳನ್ನಷ್ಟೇ ಬರೆದಾಗ ಪದಗಳು ಉಪಯುಕ್ತವಾಗಿದ್ದವು, ತರಗತಿ ಮಾತ್ರ ಆಕಳಿಸಿತು.

ದಾರಿ ತೋರಿದ್ದು 'ಕೊಸರು' ಎಂಬ ಪದಕ್ಕಾಗಿ ಬರೆದ ಪ್ರಸಂಗ. ತರಗತಿಯಲ್ಲಿ ಆಡುಮಾತನ್ನೇ ಕಲಿಸುವುದರಿಂದ ಅದನ್ನು ಹಾಗೆಯೇ ಕೊಡುತ್ತೇನೆ:

"ಒಬ್ಬ ಸಂತೆಗೆ ಹೋದ. ಒಂದು ಕೆಜಿ ಟೊಮೆಟೊ ತಗೊಂಡ. 'ಕೊಸರು ಕೊಡಮ್ಮ' ಅಂದ, ಎರಡು ಟೊಮೆಟೊ ಕೊಸರು ಸಿಕ್ತು. ಎರಡು ಮೊಳ ಹೂವು ತಗೊಂಡ, ಒಂದು ಗೇಣು ಕೊಸರು ಸಿಕ್ತು. ಆಮೇಲೆ ಹಲ್ಲಿನ ಡಾಕ್ಟರ ಹತ್ರ ಹೋದ. ಡಾಕ್ಟರು ಒಂದು ಹಲ್ಲು ಕಿತ್ತರು, ಐನೂರು ರೂಪಾಯಿ ತಗೊಂಡರು. 'ಕೊಸರು?' ಅಂದ. ಡಾಕ್ಟರು ಇನ್ನೊಂದು ಕಿತ್ತರು."

ಇದನ್ನು ಓದಿದಾಗ ತರಗತಿಯ ಅರ್ಧ ಭಾಗ ನಕ್ಕಿತು, ಉಳಿದ ಅರ್ಧ ಪಕ್ಕದವರನ್ನು ಕೇಳಿ ತಿಳಿದುಕೊಂಡು ತಡವಾಗಿ ನಕ್ಕಿತು. ಆ ತಡವಾಗಿ ನಕ್ಕವರೇ ಮುಂದಿನ ವಾರ ಪದವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಅವರಲ್ಲೊಬ್ಬರು ಮಡಿವಾಳ ಮಾರುಕಟ್ಟೆಯಲ್ಲಿ ಕೊಸರು ಕೇಳಿ, ತರಕಾರಿಯವಳು ಬೆರಗಾಗಿ ಕೊಟ್ಟ ಒಂದು ಹಿಡಿ ಕರಿಬೇವನ್ನು ಸಾಕ್ಷಿಗೆಂದು ತರಗತಿಗೇ ತಂದು ತೋರಿಸಿದರು. ಹೊಸ ಪದ ಕಥೆಯಲ್ಲಿ ಎಲ್ಲೋ ಒಂದು ಕಡೆ ಇದ್ದರೆ ಸಾಲದು, ಅದು ಗೊತ್ತಿಲ್ಲದಿದ್ದರೆ ನಗುವೇ ಕೈತಪ್ಪಬೇಕು. ನನ್ನ ಪದ್ಧತಿಯೆಲ್ಲ ಇಷ್ಟರಲ್ಲಿದೆ. ಬಾಗಿಲು ಕೀಲಿನ ಮೇಲೆ ತಿರುಗುವಂತೆ ನಗು ಒಂದು ಪದದ ಮೇಲೆ ತಿರುಗಬೇಕೆಂದು ನಾನು ಅದನ್ನು ಕೀಲುಪದ ಎಂದು ಕರೆಯುತ್ತೇನೆ. ಒಂದು ಪ್ರಸಂಗಕ್ಕೆ ಒಂದೇ ಕೀಲುಪದ, ಅದರ ಸುತ್ತ ಐದಾರು ಹೊಸ ಪದಗಳು, ಎಲ್ಲ ಸೇರಿ 60ರಿಂದ 80 ಪದಗಳ ಒಳಗೆ ಕಥೆ ಮುಗಿಯಬೇಕು. 20 ಹೊಸ ಪದಗಳನ್ನು ತುರುಕಿದ ಹಾಳೆಗಳೂ ನನ್ನಲ್ಲಿದ್ದವು. ಅವನ್ನು ಈಗ ತಿರುಗಿಸಿ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ.

ಕಥೆಯ ನೆಲ ದಿನಬಳಕೆಯದಾಗಿರಬೇಕು, ಅದರಲ್ಲಿ ಸುಳ್ಳು, ಅಂದರೆ ನಿಜವಾಗಿ ನಡೆಯಲಾರದ ಸಂಗತಿ, ಒಂದೇ ಇರಬೇಕು. ಬಾಡಿಗೆ ಮನೆಯ ಪದಗಳಿಗಾಗಿ ಬರೆದ ಈ ಪ್ರಸಂಗ ಇಂದಿಗೂ ನನ್ನ ಅತ್ಯುತ್ತಮ ಸರಕು:

"ಮನೆ ಓನರ್ ಹೇಳಿದರು, 'ಗೋಡೆಗೆ ಮೊಳೆ ಹೊಡೀಬಾರದು, ಮನೇಲಿ ಇಬ್ಬರಿಗಿಂತ ಜಾಸ್ತಿ ಇರಬಾರದು.' 'ಸರಿ, ನಾವು ಇಬ್ಬರೇ' ಅಂದೆ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟೆ. ಅಂಗಿ ಎಲ್ಲಿ ನೇತುಹಾಕೋದು? ಗೋಡೆ ಮೇಲೆ ಒಂದು ಹಲ್ಲಿ ಇತ್ತು. ಹಲ್ಲಿ ಬಾಲಕ್ಕೆ ಅಂಗಿ ನೇತುಹಾಕಿದೆ. ಓನರ್ ಬಂದರು. ಗೋಡೆ ನೋಡಿದರು, ಮೊಳೆ ಇಲ್ಲ. ಹಲ್ಲಿ ನೋಡಿದರು. 'ಇಬ್ಬರು ಅಂದಿದ್ರಿ, ಈಗ ಮೂವರು ಇದ್ದೀರಲ್ಲ' ಅಂದರು. ಆ ತಿಂಗಳಿಂದ ಹಲ್ಲಿಗೂ ಬಾಡಿಗೆ."

ಇಲ್ಲಿ ಕೀಲುಪದ 'ಮೂವರು'. ಮನುಷ್ಯರಿಗೆ ಮೂವರು, ಉಳಿದುದಕ್ಕೆಲ್ಲ ಮೂರು ಎಂಬುದನ್ನು ಕನ್ನಡ ಕಲಿಸುವ ನಾವೆಲ್ಲ ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ, ಆದರೂ ವಿದ್ಯಾರ್ಥಿಗಳ ಬಾಯಲ್ಲಿ 'ಮೂರು ಹುಡುಗರು' ಎಂಬುದು ನಿಂತಿಲ್ಲ. ಹಲ್ಲಿಯನ್ನು ಮನೆಯ ಜನರೊಡನೆ ಎಣಿಸಿದ ಓನರನ್ನು ಕಂಡು ನಕ್ಕವರು ಮಾತ್ರ ಮತ್ತೆ ತಪ್ಪಿದ್ದು ಕಡಿಮೆ.

ಇದೇ ಹಲ್ಲಿಯನ್ನು ಹಳ್ಳಿಗೆ ಕಳಿಸಿ, ಲಕಾರ ಮತ್ತು ಳಕಾರದ ಮೇಲೆ ನಗೆ ತಿರುಗುವ ಪ್ರಸಂಗಗಳ ಸರಣಿಯನ್ನೇ ಬರೆದಿದ್ದೆ: ಕಲ್ಲು ಹೊತ್ತ ಕಳ್ಳ, ಬೆಳೆಯ ಬೆಲೆ, ಬಾಲಕ್ಕೆ ಬಳೆ. ಮರಾಠಿ, ಒಡಿಯಾ, ಪಂಜಾಬಿ, ತಮಿಳು, ಮಲಯಾಳಂ ಮನೆಮಾತಿನವರು ತಕ್ಷಣ ನಕ್ಕರು, ಏಕೆಂದರೆ ಅವರ ಭಾಷೆಗಳಲ್ಲಿಯೂ ಳಕಾರದ ಉಚ್ಚಾರವಿದೆ. ಹಿಂದಿ ಮತ್ತು ಬಂಗಾಳಿಯವರು ಮಾತ್ರ ಪಿಳಿಪಿಳಿ ನೋಡಿದರು. ಕಿವಿಗೆ ಎರಡೂ ಒಂದೇ ಆಗಿ ಕೇಳಿಸುವಾಗ ಕೀಲು ಎಲ್ಲಿ ತಿರುಗಬೇಕು? ಈಗ ಆ ಸರಣಿಯನ್ನು ಎರಡನೆಯ ತಿಂಗಳಿಗೆ ಮುಂದೂಡಿ, ಅದಕ್ಕೆ ಮೊದಲು ಬರಿಯ ಆಲಿಸುವ ಅಭ್ಯಾಸ ಮಾಡಿಸುತ್ತೇನೆ.

ಹೊಸ ಪದವೊಂದು ಕಥೆಯಲ್ಲಿ ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ಬಾರಿ ಬರಬೇಕು. ಅದು ಪ್ರತಿ ಬಾರಿಯೂ ಬೇರೆ ವಿಭಕ್ತಿಯಲ್ಲಿ ಬಂದರೆ ಒಳ್ಳೆಯದೆಂದು ನನ್ನ ಅನುಭವ. ಕೊನೆಯ ವಾಕ್ಯದಲ್ಲಿ ಕೀಲುಪದವನ್ನು ಎಲ್ಲಿ ಇಡಬೇಕು, ಓದುವಾಗ ಅದಕ್ಕೆ ಮುನ್ನ ಎಷ್ಟು ಹೊತ್ತು ತಡೆಯಬೇಕು ಎಂಬ ವಿಷಯದಲ್ಲಿ ನನ್ನದೇ ಒಂದು ಲೆಕ್ಕಾಚಾರವಿದೆ. ಅದನ್ನು ಕಂಡುಕೊಳ್ಳಲು ಬಹಳ ಸಂಜೆಗಳು ಹಾಳಾಗಿರುವುದರಿಂದ ಇಲ್ಲಿ ಬರೆಯಲು ಮನಸ್ಸಿಲ್ಲ. ಪರೀಕ್ಷಿಸುವ ಬಗೆಯನ್ನು ಹೇಳಬಲ್ಲೆ: ಸುಮಾರು ಒಂದು ತಿಂಗಳ ನಂತರ ಪದದ ಅರ್ಥವನ್ನು ಕೇಳದೆ, ಹಾಳೆ ಕೊಡದೆ, ಕಥೆಯನ್ನು ತಿರುಗಿ ಹೇಳಿಸಬೇಕು. ಪಟ್ಟಿಯಿಂದ ಕಲಿತ ಗುಂಪಿನಲ್ಲಿ ಕಾಲುಭಾಗ ಪದಗಳು ಉಳಿದರೆ ಅದೇ ಹೆಚ್ಚು, ಕಥೆಯಿಂದ ಕಲಿತವರಲ್ಲಿ ಅರ್ಧಕ್ಕಿಂತ ಮೇಲೆಯೇ ಉಳಿಯುತ್ತದೆ. ಇದು ನೆನಪಿನಿಂದ ಹೇಳುತ್ತಿರುವ ಅಂದಾಜು.

ನಾಲ್ಕನೆಯ ವಾರದಿಂದ ಕಥೆ ಕಟ್ಟುವ ಕೆಲಸ ವಿದ್ಯಾರ್ಥಿಗಳದ್ದು: ಎಂಟು ವಾಕ್ಯ, ಒಂದು ಸುಳ್ಳು ಕಡ್ಡಾಯ. ಒಡಿಶಾದ ಯುವಕನೊಬ್ಬ ಬರೆದ ಪ್ರಸಂಗವನ್ನು ನಾನು ಬರೆದಿದ್ದರೆ ಹೆಮ್ಮೆಪಡುತ್ತಿದ್ದೆ. 500ಡಿ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲವೆಂದು ಪ್ರತಿದಿನ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ, ಇಳಿಯುವಾಗ ಇವನು ಪ್ರತಿದಿನ ಮರೆಯುತ್ತಾನೆ. ವರ್ಷದ ಕೊನೆಗೆ ಟಿಕೆಟ್ಟುಗಳ ಮೂಟೆ ಹೊತ್ತು ಬ್ಯಾಂಕಿಗೆ ಹೋಗಿ ಜಮೆ ಮಾಡಿ ಎನ್ನುತ್ತಾನೆ. ಮ್ಯಾನೇಜರು ಎಲ್ಲವನ್ನೂ ಎಣಿಸಿ, ಪಾಸ್‌ಬುಕ್ಕಿನ ಹಿಂದೆ ಏನೋ ಗೀಚಿ, "ಚಿಲ್ಲರೆ ಇಲ್ಲ, ಇಳಿಯುವಾಗ ತಗೊಳ್ಳಿ" ಎನ್ನುತ್ತಾರೆ. ಈಗ ಯುಪಿಐ ಬಂದು ಚಿಲ್ಲರೆಯ ರಗಳೆ ಕಡಿಮೆಯಾಗಿರುವುದರಿಂದ, ಹೊಸದಾಗಿ ಊರಿಗೆ ಬಂದವರಿಗೆ ಈ ಕಥೆಗೆ ಮೊದಲೇ ವಿವರಣೆ ಬೇಕಾಗುತ್ತಿದೆ. ವಿವರಣೆ ಬೇಕಾದ ಕಥೆಯನ್ನು ನಾನು ನಿವೃತ್ತಿಗೊಳಿಸುತ್ತೇನೆ, ಇದನ್ನೂ ಹೆಚ್ಚು ದಿನ ಇಟ್ಟುಕೊಳ್ಳಲಾರೆ.

ನಡುವೆ ಕೆಲವು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಹುಬ್ಬಳ್ಳಿಗೆ ವರ್ಗವಾದ ಬ್ಯಾಂಕ್ ನೌಕರರೊಬ್ಬರಿಗಾಗಿ ಅದೇ ಪ್ರಸಂಗಗಳನ್ನು ಧಾರವಾಡದ ಸ್ನೇಹಿತರ ಧ್ವನಿಯಲ್ಲಿ ರೆಕಾರ್ಡ್ ಮಾಡಿಸಿದಾಗ ಹಲ್ಲಿನ ಡಾಕ್ಟರ ಕಥೆ ಇನ್ನೂ ಚಲೋ ಆಯಿತು. ಅಮೆರಿಕದಲ್ಲಿರುವ ತಂಗಿಯ ಮಕ್ಕಳಿಗೆ ಹಲ್ಲಿಯ ಕಥೆ ಹೇಳಿದೆ. ಅವರಿಗೆ ಹತ್ತು ತಿಂಗಳ ಅಡ್ವಾನ್ಸೂ ತಿಳಿಯದು, ಗೋಡೆಯ ಮೇಲೆ ಹಲ್ಲಿಯೂ ಕಾಣದು. ಶಾಲೆಯ ಡಬ್ಬಿಯಿಂದ ಚಪಾತಿ ಕದಿಯುವ ಅಳಿಲನ್ನು ತಂದ ಮೇಲೆ ದಾರಿಗೆ ಬಂದರು.

ಹಣದ ಮಾತು. ಆರಂಭದಲ್ಲಿ ಪ್ರತಿ ಕಥೆಗೂ ವ್ಯಂಗ್ಯಚಿತ್ರ ಬೇಕೆಂದು ಚಿತ್ರವೊಂದಕ್ಕೆ 300 ರೂಪಾಯಿಯಂತೆ ಸುಮಾರು 9,000 ಸುರಿದೆ. ಚಿತ್ರ ನೋಡಿದೊಡನೆಯೇ ಎಲ್ಲರೂ ನಕ್ಕುಬಿಡುತ್ತಿದ್ದುದರಿಂದ ಪದದ ಅಗತ್ಯವೇ ಬೀಳಲಿಲ್ಲ. ಚಿತ್ರಗಳನ್ನು ತೆಗೆದ ವಾರವೇ ನೆನಪು ಸುಧಾರಿಸಿತು. ಕಿರುಪುಸ್ತಕ ಮಾಡಿಸೋಣವೆಂದು ಪ್ರತಿಯೊಂದಕ್ಕೆ 70 ರೂಪಾಯಿಯಂತೆ 200 ಪ್ರತಿ ಅಚ್ಚು ಹಾಕಿಸಿದೆ, ಅರ್ಧದಷ್ಟು ಇನ್ನೂ ಮಂಚದ ಕೆಳಗಿವೆ. ಮುಂದಿನ ಕಥೆಯ ಕೊನೆಯನ್ನು ಮೊದಲೇ ಓದಿಕೊಂಡು ಬರುವ ತರಗತಿಗೆ ಕಲಿಸುವುದು ಕಷ್ಟವೆಂಬುದೂ ಆಗ ತಿಳಿಯಿತು. ಬಿಡಿ ಹಾಳೆಗೆ ಜೆರಾಕ್ಸ್ ಖರ್ಚು ತಲಾ ಎರಡು ರೂಪಾಯಿ, ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಅಪಾರ್ಟ್‌ಮೆಂಟಿನ ಸಭಾಂಗಣಕ್ಕೆ ಸಂಜೆಗೆ 500 ಕೊಟ್ಟು, ಮೂರು ತಿಂಗಳಿಗೆ ತಲಾ 2,000 ಶುಲ್ಕ ಪಡೆದು, ಹನ್ನೆರಡು ಹದಿಮೂರು ಮಂದಿ ಕೊನೆಯವರೆಗೂ ನಿಂತರೆ ಕೈಯಲ್ಲಿ ಮೂರನೆಯ ಎರಡು ಭಾಗ ಉಳಿಯುತ್ತದೆ. ಮೊದಲೆಲ್ಲ ಒಂದು ತಿಂಗಳಾಗುವಷ್ಟರಲ್ಲಿ ಅರ್ಧ ತರಗತಿ ಖಾಲಿಯಾಗುತ್ತಿತ್ತು, ಈಗ ಬಿಟ್ಟುಹೋಗುವವರು ಇಬ್ಬರೋ ಮೂವರೋ.

ಸದ್ಯ ಕೇರಳದಿಂದ ಬಂದಿರುವ ದಾದಿಯರ ಗುಂಪೊಂದಕ್ಕೆ ಆಸ್ಪತ್ರೆಯ ಪ್ರಸಂಗಗಳನ್ನು ಕಟ್ಟುತ್ತಿದ್ದೇನೆ. ಅವರಿಗೆ ಬೇಕಾದ ಪದಗಳು ನೋವಿನವು: ಚುಚ್ಚುವುದು, ಸೆಳೆಯುವುದು, ಉರಿಯುವುದು, ಜುಮ್ಮೆನ್ನುವುದು. ನೋವಿನ ಕಥೆಯಲ್ಲಿ ರೋಗಿಯನ್ನು ಕಂಡು ನಗುವಂತಾಗಬಾರದು ಎಂಬ ಷರತ್ತನ್ನು ಅವರೇ ಹಾಕಿರುವುದರಿಂದ, ಸುಳ್ಳನ್ನೆಲ್ಲ ರೋಗಿಯನ್ನು ನೋಡಲು ಬಂದ ನೆಂಟನ ಮೇಲೆ ಹೊರಿಸಿದ್ದೇನೆ. ಎಳನೀರು ತಂದು ತಾನೇ ಕುಡಿದು, ಕೊನೆಗೆ ರೋಗಿಯ ಪಕ್ಕದ ಮಂಚದಲ್ಲಿ ತಾನೇ ದಾಖಲಾಗುವ ಆ ನೆಂಟನಿಗೆ ಇದುವರೆಗೆ ನಾಲ್ಕು ಪ್ರಸಂಗಗಳಾಗಿವೆ. 'ಜುಮ್ಮೆನ್ನುವುದು' ಒಂದಕ್ಕೆ ಕೀಲು ಇನ್ನೂ ಕೂಡಿಬಂದಿಲ್ಲ.