ನಿಂತ ಜೀಪ್‌ಗೆ ಮೊದಲ ದಿನವೇ ಸೆಲ್ಫ್ ಹೊಡೆಯಬೇಡಿ

ಬಳ್ಳಾರಿ ಗೆಳೆಯರೇ, ವರ್ಷಗಟ್ಟಲೆ ನಿಂತ ಹಳೇ ಪೆಟ್ರೋಲ್ ಜೀಪ್ ಮನೆಗೆ ತಂದಿದ್ದೀರಾ? ಆಸೆಗೆ ಬಿದ್ದು ಕೂಡಲೇ ಸೆಲ್ಫ್ ಹೊಡೆಯಬೇಡಿ. ಎಂಜಿನ್ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್‌ನ ಸುತ್ತ ಇರುವ ರಿಂಗ್ ತುಕ್ಕಿಗೆ ಅಂಟಿಕೊಂಡಿದ್ದರೆ ಮುರಿದೇ ಹೋಗಬಹುದು.

ಎಂಜಿನ್‌ನ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಹಾಕಿ, ಎರಡು ದಿನ ಬಿಡಿ. ಆಮೇಲೆ ನ್ಯೂಟ್ರಲ್‌ಗೆ ಹಾಕಿ, ಜೀಪ್ ಮುಂಭಾಗಕ್ಕೆ ಹಾಕುವ ಹ್ಯಾಂಡಲ್‌ನಿಂದ ಎಂಜಿನ್ ನಿಧಾನ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಮುಂದೆ ಪ್ಲಗ್ ಹಾಕಿ ತಿರುಗಿಸುವಾಗ ಹ್ಯಾಂಡಲ್ ಹಿಂದಕ್ಕೆ ಹೊಡೆದರೆ ಹೆಬ್ಬೆರಳು ಮುರಿಯುತ್ತದೆ, ಈಗಲೇ ರೂಢಿ ಮಾಡಿಕೊಳ್ಳಿ. ನನ್ನ ಜೀಪ್ ಮೊದಲು ಅಲುಗಲೇ ಇಲ್ಲ. ಮೂರನೇ ದಿನ ಅರ್ಧ ಸುತ್ತು ಬಂತು, ಪ್ಲಗ್ ತೂತಿಂದ ಕಂದು ಎಣ್ಣೆ ಚಿಮ್ಮಿತು. ಎಷ್ಟು ಖುಷಿಯಾಯ್ತು ಅಂದ್ರೆ, ಮನೆಯವರನ್ನೆಲ್ಲ ಕರೆದು ತೋರಿಸಿದೆ.

ನಮ್ಮ ಕಡೆ ಕೆಂಪು ಧೂಳು ಜಾಸ್ತಿ ಅಲ್ವಾ? ಸಂಡೂರು ಕಡೆ ಓಡಿದ ಗಾಡಿಯಾದರೆ ಏರ್ ಕ್ಲೀನರ್‌ನ (ಎಂಜಿನ್‌ಗೆ ಹೋಗುವ ಗಾಳಿಯ ಧೂಳು ಹಿಡಿಯುವ ಭಾಗ) ಎಣ್ಣೆ ಬಟ್ಟಲು ತೆಗೆದು ನೋಡಿ. ಒಳಗಿನ ಎಣ್ಣೆ ಕೆಸರಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ.

ಪೆಟ್ರೋಲ್ ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ, ಸಿಡಿಯುತ್ತದೆ. ಟ್ಯಾಂಕ್ ರಿಪೇರಿ ಬಲ್ಲವರಿಗೇ ಕೊಡಿ.